ಎಲೆಯ ಸಕ್ಕರೆಗೆ ಬಣ್ಣದ ಲೆಕ್ಕ

ಕಿತ್ತ ಎಲೆ ಕೂಡಲೇ ಸಾಯುವುದಿಲ್ಲ. ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ, ಸಕ್ಕರೆ ಖರ್ಚಾಗುತ್ತಲೇ ಇರುತ್ತದೆ. ಹಾಗಾಗಿ ಎಲೆಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯುವವರು ಮೊದಲು ಆ ಖರ್ಚನ್ನು ನಿಲ್ಲಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಎಲೆಯನ್ನು ಮುಳುಗಿಸುತ್ತಾರೆ, ಇಲ್ಲವೇ ಕುದಿಯುವ ಆಲ್ಕೋಹಾಲಿಗೆ ಹಾಕುತ್ತಾರೆ. ಕಿತ್ತ ಹೊತ್ತನ್ನೂ ಬರೆದಿಡಬೇಕು. ಬೆಳಗಿನ ಜಾವದ ಎಲೆಗೂ ದಿನವಿಡೀ ಬಿಸಿಲು ಕುಡಿದ ಸಂಜೆಯ ಎಲೆಗೂ ತುಂಬಾ ವ್ಯತ್ಯಾಸ.

ಆಮೇಲೆ ಶೇ. 80ರ ಬಿಸಿ ಎಥನಾಲ್. ಅದರಲ್ಲಿ ಸಕ್ಕರೆ ಕರಗಿ ಬರುತ್ತದೆ, ಪಿಷ್ಟ ಹಿಂದೆ ಉಳಿಯುತ್ತದೆ. ಜೊತೆಗೆ ಪತ್ರಹರಿತ್ತಿನ ಹಸಿರೂ ಬರುತ್ತದೆ. ಬಣ್ಣ ನೋಡಿ ಅಳೆಯುವಾಗ ಇದು ತೊಡಕು, ತೆಗೆದೇ ಮುಂದೆ ಹೋಗಬೇಕು.

ಸಕ್ಕರೆ ನೀರಿಗೆ ತನ್ನದೇ ಬಣ್ಣವಿಲ್ಲ, ಅಲ್ವಾ? ಬಣ್ಣವನ್ನು ನಾವೇ ಬರಿಸಬೇಕು. ಆಂಥ್ರೋನ್ ಎಂಬ ಪುಡಿಯನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಸಕ್ಕರೆ ದ್ರಾವಣಕ್ಕೆ ಸೇರಿಸಿ ಬಿಸಿ ಮಾಡುತ್ತಾರೆ. ಆಮ್ಲವು ಸಕ್ಕರೆ ಅಣುವಿನಿಂದ ನೀರನ್ನು ಕಿತ್ತುಕೊಳ್ಳುತ್ತದೆ. ಹೀಗೆ ಹುಟ್ಟುವ ಫರ್ಫ್ಯೂರಲ್ ಬಗೆಯ ವಸ್ತು ಆಂಥ್ರೋನ್ ಜೊತೆ ಕೂಡಿದಾಗ ಕೊಳವೆ ನೀಲಿ-ಹಸಿರಾಗುತ್ತದೆ. ಎಷ್ಟು ಸಲ ನೋಡಿದರೂ ಚಂದವೇ. 1956ರಲ್ಲಿ ಪ್ರಕಟವಾದ ಫಿನಾಲ್ ವಿಧಾನದಲ್ಲಿ ಆಮ್ಲ ಇದೇ, ಆಂಥ್ರೋನ್ ಬದಲು ಫಿನಾಲ್ ಎಂಬ ವಸ್ತು; ಬರುವ ಬಣ್ಣ ಕಿತ್ತಳೆ-ಹಳದಿ. ತಾಮ್ರವಿರುವ ನೀಲಿ ದ್ರಾವಣದ ಜೊತೆ ಬಿಸಿ ಮಾಡಿ ನೋಡುವ ಬೆನೆಡಿಕ್ಟ್ ಪರೀಕ್ಷೆಯ ದಾರಿ ಬೇರೆ. ಅದು ಗ್ಲೂಕೋಸ್, ಫ್ರಕ್ಟೋಸ್‌ಗಳನ್ನು ಹಿಡಿಯುತ್ತದೆ. ಗಿಡದೊಳಗೆ ಜಾಸ್ತಿ ಓಡಾಡುವ ಸುಕ್ರೋಸನ್ನು ಮಾತ್ರ ಒಡೆಯದೆ ಹಾಗೇ ಹಾಕಿದರೆ ಬಣ್ಣ ಬದಲಾಗುವುದಿಲ್ಲ.

ಬಣ್ಣದ ಗಾಢತೆಯನ್ನು ಯಂತ್ರ ಓದುತ್ತದೆ. ಆಂಥ್ರೋನ್‌ಗೆ ಸುಮಾರು 620 ನ್ಯಾನೊಮೀಟರ್ ಬೆಳಕು, ಫಿನಾಲ್‌ಗೆ 490. ಆದರೆ ಯಂತ್ರ ಹೇಳುವುದು ಎಷ್ಟು ಬೆಳಕು ತಡೆಯಿತು ಎಂಬುದನ್ನಷ್ಟೇ. ಅದನ್ನು ಸಕ್ಕರೆಯ ಲೆಕ್ಕಕ್ಕೆ ತರಲು, ಅಳತೆ ಗೊತ್ತಿರುವ ಗ್ಲೂಕೋಸ್ ದ್ರಾವಣಗಳನ್ನೂ ಅದೇ ದಿನ, ಅದೇ ಆಮ್ಲದಲ್ಲಿ ಕಾಯಿಸಿ ಹೋಲಿಸಬೇಕು. ಎಲ್ಲ ಸಕ್ಕರೆಗಳೂ ಒಂದೇ ಸಮ ಬಣ್ಣ ಕೊಡುವುದಿಲ್ಲ. ಆದ್ದರಿಂದ ಸಿಗುವ ಉತ್ತರ ‘ಗ್ಲೂಕೋಸ್‌ಗೆ ಸಮನಾಗಿ ಇಷ್ಟು’ ಎಂದಷ್ಟೇ.

ಇಷ್ಟೆಲ್ಲ ಜಾಗ್ರತೆ ಸುಮ್ನೆ ಅಲ್ಲ. ಮರಗಳ ಸಕ್ಕರೆ, ಪಿಷ್ಟದ ಬಗ್ಗೆ 2015ರಲ್ಲಿ ಒಂದು ಹೋಲಿಕೆ ಪ್ರಕಟವಾಯಿತು. ಒಂದೇ ಮಾದರಿಗಳನ್ನು 29 ಪ್ರಯೋಗಾಲಯಗಳು ಅಳೆದಿದ್ದವು. ಉತ್ತರಗಳು ಒಂದಕ್ಕೊಂದು ತುಂಬಾ ದೂರ ಇದ್ದವು. ನನಗಂತೂ ಇದರಲ್ಲಿ ಅಚ್ಚರಿಯಿಲ್ಲ. ಸೋಸುವ ಕಾಗದದ ಒಂದು ಎಳೆ ಕೊಳವೆಗೆ ಬಿದ್ದರೂ ಸಾಕು, ಆಮ್ಲ ಅದರ ಸೆಲ್ಯುಲೋಸನ್ನೂ ಒಡೆದು ಸಕ್ಕರೆಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ.