‘ಇದು ವೆಜ್ಜಾ?’ ಎಂದು ಕೇಳಿದರೆ ಸಾಲದು

ಪ್ರಶ್ನೆ: ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಮಗಳು ಹುಟ್ಟುಹಬ್ಬಕ್ಕೆ ಇಂದಿರಾನಗರದ ಇಟಾಲಿಯನ್ ರೆಸ್ಟೋರೆಂಟೇ ಆಗಬೇಕು ಅನ್ನುತ್ತಿದ್ದಾಳೆ. ಮೆನುವಿನ ಹಸಿರು ಚುಕ್ಕೆಯನ್ನು ನಂಬಬಹುದೇ? ಅವರಿಗೆ ತಿನ್ನಲು ಏನು ಹೇಳಲಿ?

ಉತ್ತರ: ಮಾಂಸ, ಮೀನು, ಮೊಟ್ಟೆಯ ಮಟ್ಟಿಗೆ ಹಸಿರು ಚುಕ್ಕೆಗೆ ಅರ್ಥವಿದೆ. ಚೀಸ್ ವಿಷಯಕ್ಕೆ ಬಂದರೆ ಅದೊಂದನ್ನೇ ನಂಬಿದರೆ ಸಾಲದು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಪ್ರಾಣಿಮೂಲದ ಪದಾರ್ಥಗಳೆಲ್ಲ ಮಾಂಸಾಹಾರ, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ವಿನಾಯಿತಿ. ಚೀಸ್ ಹಾಲಿನ ಉತ್ಪನ್ನ. ಅದನ್ನು ಪ್ರಾಣಿಮೂಲದ ರೆನೆಟ್ ಬಳಸದೆ ಗಟ್ಟಿ ಮಾಡಬೇಕೆಂದು ಅದೇ ಪ್ರಾಧಿಕಾರದ ಚೀಸ್ ವ್ಯಾಖ್ಯೆ ಹೇಳುತ್ತದೆ, ಆದರೆ ತಟ್ಟೆಗೆ ಬಂದ ಚೀಸನ್ನು ಯಾವುದರಿಂದ ಗಟ್ಟಿ ಮಾಡಿದರು ಎಂಬ ಪ್ರಶ್ನೆಗೆ ಮೆನುವಿನ ಚುಕ್ಕೆಯಿಂದ ಖಚಿತ ಉತ್ತರ ಸಿಗುವುದಿಲ್ಲ.

ನಿಮ್ಮ ಮನೆಯವರಿಗೆ ಮುಖ್ಯವಾಗುವುದೇ ಆ ಪ್ರಶ್ನೆ. ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ ಚೀಸ್ ಮಾಡುವವರು ಹಾಲಿಗೆ ರೆನೆಟ್ ಹಾಕುತ್ತಾರೆ. ಸಾಂಪ್ರದಾಯಿಕ ರೆನೆಟ್ ಬರುವುದು ಇನ್ನೂ ಹಾಲು ಕುಡಿಯುವ ವಯಸ್ಸಿನಲ್ಲೇ ಕಡಿದ ಕರುವಿನ ನಾಲ್ಕನೇ ಹೊಟ್ಟೆಯಿಂದ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು ಹೊತ್ತ ಚೀಸ್‌ಗೆ ಕರುವಿನ ರೆನೆಟ್ಟೇ ಆಗಬೇಕೆಂಬುದು ಅದರ ನಿಯಮಾವಳಿಯಲ್ಲೇ ಇದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಗ್ರಾನಾ ಪಡಾನೊದಲ್ಲಿ ಕರುವಿನ ರೆನೆಟ್ ಜೊತೆಗೆ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೊಝೈಮ್ ಎಂಬ ಕಿಣ್ವ ಕೂಡ ಸಾಮಾನ್ಯವಾಗಿ ಇರುತ್ತದೆ. ಈ ಮೂರಕ್ಕೂ ಸಸ್ಯಾಹಾರಿ ಆವೃತ್ತಿ ಎಂಬುದಿಲ್ಲ. ಚೀಸ್ ಗಡ್ಡೆಯನ್ನು ಮೇಜಿನ ಹತ್ತಿರ ತಂದು ತುರಿದರೆ ಅದರ ಸಿಪ್ಪೆ ನೋಡಿ: ಸಣ್ಣ ಸಣ್ಣ ಚುಕ್ಕೆಗಳಲ್ಲಿ ಚುಚ್ಚಿದ ‘ಪಾರ್ಮಿಜಾನೊ ರೆಜ್ಜಾನೊ’ ಎಂಬ ಅಕ್ಷರಗಳು ಸುತ್ತಲೂ ಓಡುತ್ತಿದ್ದರೆ ಅದು ಅಸಲಿ ಪಾರ್ಮಿಜಾನೊ. ರುಚಿಗೆ ಸಂತೋಷ, ನಿಮ್ಮ ಅಮ್ಮನ ತಟ್ಟೆಗೆ ಬೇಡ.

ಸಮಾಧಾನದ ಸಂಗತಿಯೆಂದರೆ, ನಮ್ಮ ದೇಶದಲ್ಲೇ ತಯಾರಾಗುವ ಮೊಝರೆಲ್ಲಾ, ಬುರಾಟಾ, ಪಾರ್ಮಿಜಾನೊ ಮಾದರಿಯ ‘ಪಾರ್ಮೆಸಾನ್’ಗಳಿಗೆ ಸಾಮಾನ್ಯವಾಗಿ ಬಳಸುವುದು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್. ಹಾಗಾಗಿ ಹೋಟೆಲಿನವರು ಇಟಲಿಯಿಂದ ತರಿಸಿದ ಚೀಸ್ ಎಂದು ಹೆಮ್ಮೆಪಟ್ಟಷ್ಟೂ ನೀವು ಹುಷಾರಾಗಿರಬೇಕು. ಮಸ್ಕಾರ್ಪೋನೆ ಎಂಬ ಮೆತ್ತನೆಯ ಕೆನೆ ಚೀಸ್‌ನ ಚಿಂತೆ ಬೇಡ, ಅದನ್ನು ಹುಳಿಯಿಂದಲೇ ಗಟ್ಟಿ ಮಾಡುತ್ತಾರೆ.

ಚೀಸ್ ಆದ ಮೇಲೆ ಎಡವುವುದು ರಿಸೊಟ್ಟೊದಲ್ಲಿ. ‘ಮಶ್ರೂಮ್ ರಿಸೊಟ್ಟೊ’ ಎಂದರೆ ಅಣಬೆ ಮತ್ತು ಅಕ್ಕಿ ತಾನೆ ಎಂದುಕೊಳ್ಳುತ್ತೇವೆ. ಒಂದು ತಟ್ಟೆಯ 80 ಗ್ರಾಂ ಅಕ್ಕಿ ಸುಮಾರು 300 ಮಿ.ಲೀ. ಸ್ಟಾಕ್ (ತರಕಾರಿ ಅಥವಾ ಮಾಂಸ-ಮೂಳೆ ಬೇಯಿಸಿ ಸೋಸಿದ ರಸ) ಕುಡಿಯುತ್ತದೆ. ಆ ಸ್ಟಾಕ್ ಕೋಳಿಯದ್ದಾದರೆ ತಟ್ಟೆಯಲ್ಲಿ ಒಂದು ಚೂರೂ ಮಾಂಸ ಕಾಣದಿದ್ದರೂ ಒಂದೊಂದು ಅಕ್ಕಿಕಾಳಿನೊಳಗೂ ಕೋಳಿಯ ರಸ ಇದೆ. ಇನ್ನೊಂದು ತೊಡಕು: ಜನ ಜಾಸ್ತಿ ಬರುವ ಹೋಟೆಲುಗಳಲ್ಲಿ ರಿಸೊಟ್ಟೊವನ್ನು ಮುಕ್ಕಾಲು ಪಾಲು ಬೇಯಿಸಿ, ಟ್ರೇನಲ್ಲಿ ಹರವಿ ಆರಿಸಿ ಇಟ್ಟಿರುತ್ತಾರೆ. ಆರ್ಡರ್ ಬಂದ ಮೇಲೆ ಐದಾರು ನಿಮಿಷದಲ್ಲಿ ಮುಗಿಸುತ್ತಾರೆ. ಆದ್ದರಿಂದ ಮೇಜಿನಲ್ಲಿ ಕೂತು ‘ವೆಜ್ ಸ್ಟಾಕ್ ಹಾಕಿ’ ಎಂದರೆ ಕಾಲ ಮೀರಿರುತ್ತದೆ. ಕೊನೆಗೆ ಬೆಣ್ಣೆಯ ಜೊತೆ ಚೀಸ್ ತಿರುವುವುದಂತೂ ಇದ್ದೇ ಇದೆ. ಮಿನೆಸ್ಟ್ರೋನೆ ಸೂಪಿಗೂ ಇದೇ ಸ್ಟಾಕ್ ಪ್ರಶ್ನೆ. ಜೊತೆಗೆ, ಕುದಿಯುವಾಗ ಪಾರ್ಮಿಜಾನೊ ಸಿಪ್ಪೆಯ ತುಂಡೊಂದನ್ನು ಹಾಕುವ ರೂಢಿಯೂ ಉಂಟು.

ಪಾಸ್ತಾದಲ್ಲಿ ಗೊತ್ತಿರಬೇಕಾದದ್ದು ಒಂದೇ. ಒಣ ಪಾಸ್ತಾ, ಅಂದರೆ ಪ್ಯಾಕೆಟ್ಟಿನ ಸ್ಪಗೆಟ್ಟಿ, ಪೆನ್ನೆ, ಸಾಮಾನ್ಯವಾಗಿ ಡ್ಯೂರಮ್ ಗೋಧಿಯ ರವೆ ಮತ್ತು ನೀರು ಅಷ್ಟೇ. ‘ಫ್ರೆಶ್’, ‘ಹ್ಯಾಂಡ್‌ಮೇಡ್’ ಎಂದು ಬರೆದ ತಾಲ್ಯತೆಲ್ಲೆ, ರವಿಯೋಲಿ, ಲಸಾನ್ಯ ಮೊಟ್ಟೆಯವು: 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅಲ್ಲಿಯ ಲೆಕ್ಕ. ಆಲೂಗಡ್ಡೆಯ ನ್ಯೋಕಿಗೂ ಅನೇಕರು ಮೊಟ್ಟೆ ಹಾಕುತ್ತಾರೆ. ಒರೆಕ್ಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾ ಮಾತ್ರ ತಾಜಾ ಆಗಿದ್ದರೂ ಮೂಲದಲ್ಲಿ ರವೆ-ನೀರಿನದೇ. ಎಲ್ಲ ಪಾಸ್ತಾವನ್ನೂ ಒಂದೇ ಕುದಿನೀರಿನಲ್ಲಿ ಅದ್ದಿ ತೆಗೆಯುವುದು ಬಹುಪಾಲು ಅಡುಗೆಮನೆಗಳ ಪದ್ಧತಿ. ಅದೂ ಆಗದು ಎನ್ನುವವರು ಬೇರೆ ಪಾತ್ರೆ ಕೇಳಬೇಕು. ಶನಿವಾರ ರಾತ್ರಿ ಒಂಬತ್ತಕ್ಕೆ ಕೇಳಿದರೆ ಕೊಡಲಾರರು. ಅಷ್ಟು ಮಡಿಯಿದ್ದರೆ ಶುದ್ಧ ಸಸ್ಯಾಹಾರಿ ಪಿಝಾ ಜಾಗವನ್ನೇ ಹುಡುಕುವುದು ವಾಸಿ.

ಮೀನು ಅಡಗಿರುವ ಜಾಗಗಳೂ ಇವೆ: ಪುತ್ತನೆಸ್ಕಾ ಸಾಸ್‌ನಲ್ಲೂ ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲೂ ಆಂಚೊವಿ. ಡ್ರೆಸಿಂಗ್‌ನಲ್ಲಿ ಹಸಿ ಮೊಟ್ಟೆಯ ಹಳದಿ ಬೇರೆ. ಪಿಝಾ ಮರಿನಾರಾ ಇದಕ್ಕೆ ತದ್ವಿರುದ್ಧ. ಹೆಸರಿನಲ್ಲಿ ಸಮುದ್ರವಿದೆ, ತಟ್ಟೆಯಲ್ಲಿಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಅಷ್ಟೇ. ಚೀಸೇ ಇಲ್ಲ.

ಫೋನ್ ಮಾಡುವುದು ಹಿಂದಿನ ದಿನ, ಮಧ್ಯಾಹ್ನ ಮೂರೂವರೆಯಿಂದ ಐದೂವರೆಯೊಳಗೆ. ಊಟದ ಗಲಾಟೆ ಮುಗಿದು ಸಂಜೆಯ ತಯಾರಿ ನಡೆಯುವ ಹೊತ್ತು ಅದು, ಶೆಫ್ ಮಾತಿಗೆ ಸಿಗುತ್ತಾರೆ. ‘ವೆಜ್ಜಾ?’ ಎಂದರೆ ‘ಹೌದು ಸರ್’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ, ಏಕೆಂದರೆ ಮಾಂಸದ ತುಂಡಿಲ್ಲದ್ದೆಲ್ಲ ವೆಜ್ ಎಂದೇ ಅನೇಕರ ಲೆಕ್ಕ. ವಸ್ತುವಿನ ಹೆಸರು ಹಿಡಿದು ಕೇಳಿ. ನಿಮ್ಮ ಪಾರ್ಮೆಸಾನ್ ಇಲ್ಲಿಯದೋ ಇಟಲಿಯದೋ? ಮೊಝರೆಲ್ಲಾದ ಪ್ಯಾಕೆಟ್ ಮೇಲೆ ಯಾವ ರೆನೆಟ್ ಎಂದಿದೆ? ತರಕಾರಿ ಸ್ಟಾಕ್ ಬೇರೆ ಕಾಯಿಸುತ್ತೀರಾ? ಮೊಟ್ಟೆಯಿಲ್ಲದ ಪಾಸ್ತಾ ಯಾವುದು? ಪಿಝಾ ಕತ್ತರಿಸುವ ಚಕ್ರ ಬೇರೆ ಇದೆಯಾ? ‘ನೋಡಿ ಹೇಳುತ್ತೇನೆ’ ಎಂದು ಒಳಗೆ ಹೋದವರನ್ನು ನಂಬಿ. ಥಟ್ಟನೆ ‘ಎಲ್ಲಾ ವೆಜ್’ ಅಂದವರನ್ನಲ್ಲ.

ಏನು ಹೇಳಲಿ ಎಂದಿರಲ್ಲ. ಮೊದಲಿಗೆ ಟೊಮ್ಯಾಟೊ ಬ್ರುಸ್ಕೆಟ್ಟಾ. ಆಮೇಲೆ ಮರಿನಾರಾ ಪಿಝಾ, ಚೀಸ್ ಊರಿನದೇ ಎಂದು ಖಾತ್ರಿಯಾದರೆ ಮಾರ್ಗರೀಟಾ. ಪಾಸ್ತಾದಲ್ಲಿ ಒಣ ಸ್ಪಗೆಟ್ಟಿಯ ಆಲ್ಯೊ ಎ ಓಲ್ಯೊ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸು ಕಾಯಿಸಿ ಕೊಡುವ ಅದು ನಮ್ಮ ಒಗ್ಗರಣೆಯ ದಾಯಾದಿ, ಹಿರಿಯರ ನಾಲಿಗೆಗೆ ಬೇಗ ಹಿಡಿಸುತ್ತದೆ. ಖಾರ ಬೇಕಾದರೆ ಪೆನ್ನೆ ಅರಾಬ್ಯಾತಾ. ಎರಡಕ್ಕೂ ‘ಮೇಲೆ ಚೀಸ್ ಉದುರಿಸಬೇಡಿ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಅಭ್ಯಾಸಬಲದಿಂದ ಉದುರಿಸಿಯೇ ತರುತ್ತಾರೆ. ಪಾಸ್ತಾ ಎರಡು ನಿಮಿಷ ಹೆಚ್ಚು ಬೇಯಲಿ ಎಂದೂ ಸೇರಿಸಿ. ನಡುವೆ ಗಟ್ಟಿ ಉಳಿಯುವ ಅಲ್ ದೆಂತೆ ನಿಮ್ಮ ಅಪ್ಪನಿಗೆ ಬೇಯದ ಶಾವಿಗೆಯಂತೆ ಕಂಡೀತು. ನೇಪಲ್ಸ್ ಶೈಲಿಯ ಪಿಝಾ 430 ಡಿಗ್ರಿ ದಾಟಿದ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೆಂದು ಬರುವುದರಿಂದ ಮಧ್ಯ ಒದ್ದೆಯಾಗಿಯೇ ಇರುತ್ತದೆ, ಅದು ತಪ್ಪಲ್ಲ. ಬಂದ ಕೂಡಲೇ ತಿನ್ನಬೇಕು.

ಸಿಹಿಯಲ್ಲಿ ತಿರಮಿಸು ಬಿಡಿ. ಕ್ರೀಮಿಗೆ ಮೊಟ್ಟೆ ಹಾಕದಿದ್ದರೂ ಅಡಿಯ ಸವೊಯಾರ್ದಿ ಬಿಸ್ಕತ್ತು ಮೊಟ್ಟೆಯದೇ. ಪನ್ನಾ ಕೊತ್ತಾ ನೋಡಲು ಬರೀ ಕೆನೆ, ಗಟ್ಟಿಯಾಗುವುದು ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಟಿನ್‌ನಿಂದ. ಬೆಂಗಳೂರಿನ ಕೆಲವು ಅಡುಗೆಮನೆಗಳಲ್ಲಿ ಅದರ ಬದಲು ಚೈನಾ ಗ್ರಾಸ್ ಹಾಕುತ್ತಾರೆ, ಕೇಳಿ ನೋಡಿ. ಇಲ್ಲವೆಂದರೆ ನಿಂಬೆಯ ಸೊರ್ಬೆ ತರಿಸಿ, ಅದಕ್ಕೆ ಮೊಟ್ಟೆಯ ಬಿಳಿ ಹಾಕಿಲ್ಲವಲ್ಲ ಎಂದು ಒಮ್ಮೆ ಕೇಳಿಕೊಂಡು.