ಕ್ಯಾರಿಯಕೂ ದ್ವೀಪ: ಹಿರಿಯರ ಎಡೆ ಮತ್ತು ಬಿಗ್ ಡ್ರಮ್ (ಅಧ್ಯಯನ ಟಿಪ್ಪಣಿ)

ಕ್ಯಾರಿಯಕೂ ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶಕ್ಕೆ ಸೇರಿದ, ಸುಮಾರು 34 ಚದರ ಕಿಲೋಮೀಟರಿನ ದ್ವೀಪ. ಮುಖ್ಯ ಪಟ್ಟಣ ಹಿಲ್ಸ್‌ಬರೊ. ಇಲ್ಲಿ ಹೊಳೆಗಳಿಲ್ಲ. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ವರ್ಷವಿಡೀ ಬಳಸಬೇಕು. ಮಳೆ ಬಿದ್ದಾಗ ಮುಸುಕಿನ ಜೋಳವನ್ನೂ ತೊಗರಿಯನ್ನೂ ಒಂದೇ ಹೊಲದಲ್ಲಿ ಬಿತ್ತುತ್ತಾರೆ. ಈ ನೀರಿನ ಚಿಂತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಇಲ್ಲಿನ ಆಚರಣೆಗಳಲ್ಲಿ ಅರ್ಧದಷ್ಟು ಅದಕ್ಕೇ ತಗಲಿಕೊಂಡಿವೆ. ಉಳಿದರ್ಧ ತೀರಿಹೋದ ಹಿರಿಯರಿಗೆ ಸೇರಿದ್ದು. ಮಳೆ ಕೊಡಿಸುವವರೂ ಅವರೇ ಎಂಬ ನಂಬಿಕೆ ಇರುವುದರಿಂದ ಎರಡೂ ಒಂದಾಗುತ್ತವೆ.

ಮೊದಲು ದಾರಿ ತಪ್ಪಿಸುವ ಮೂರು ಪದಗಳು. ಜಮೈಕಾದ ಚರಿತ್ರೆ ಓದಿದವರಿಗೆ ‘ಮರೂನ್’ ಎಂದರೆ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರು. ಕ್ಯಾರಿಯಕೂದಲ್ಲಿ ಮರೂನ್ ಎಂದರೆ ಊರೊಟ್ಟಿನ ಊಟ. ಬಿತ್ತನೆಗೆ ಮುಂಚೆ ಮಳೆ ಬೇಡಿ ಮಾಡುವಂಥದ್ದು. ‘ಸರಾಕಾ’ ಎಂಬುದು ಪಶ್ಚಿಮ ಆಫ್ರಿಕಾದ ಮೂಲಕ ಬಂದ ಅರಬ್ಬಿಯ ‘ಸದಕಾ’, ಅಂದರೆ ದಾನ. ಒಂದು ಮನೆಯವರು ಹಿರಿಯರ ಹೆಸರಲ್ಲಿ ಊರಿಗೆ ಹಾಕುವ ಊಟ ಅದು. ‘ನೇಷನ್’ ಇಲ್ಲಿ ದೇಶವಲ್ಲ, ಗುಲಾಮರಾಗಿ ಬಂದವರ ಮೂಲ ಜನಾಂಗ: ಕ್ರೊಮಾಂಟಿ, ಇಗ್ಬೊ, ಮಾಂಡಿಂಗ್, ಚಂಬಾ, ಟೆಮ್ನೆ, ಕಾಂಗೊ ಮುಂತಾದವು. ತಾನು ಯಾವ ನೇಷನ್ ಎಂಬುದು ಮನೆಯ ಹಿರಿಯರ ಬಾಯಿಂದ ಮಕ್ಕಳಿಗೆ ಬರುತ್ತಿತ್ತು. ಗುಲಾಮಗಿರಿ 1838ರಲ್ಲಿ ಪೂರ್ತಿ ಕೊನೆಗೊಂಡ ಮೇಲೂ ಈ ನೆನಪು ಅಳಿಯಲಿಲ್ಲ ಎಂಬುದೇ ನನಗೆ ಈ ದ್ವೀಪದ ಅತಿ ದೊಡ್ಡ ಸಂಗತಿ.

ಈಗ ಬಿಗ್ ಡ್ರಮ್. ಹೆಸರು ಒಂದು ವಾದ್ಯದ್ದೆನಿಸುತ್ತದೆ, ಆದರೆ ಅದು ಇಡೀ ರಾತ್ರಿಯ ಆಚರಣೆ. ಚರ್ಮವಾದ್ಯಗಳು ಮೂರು. ಹಿಂದೆ ಮರದ ಬೊಡ್ಡೆ ಕೊರೆದು ಮಾಡುತ್ತಿದ್ದರು. ಆಮೇಲೆ ರಮ್ ತುಂಬುವ ಮರದ ಪೀಪಾಯಿಗೆ ಮೇಕೆ ಚರ್ಮ ಬಿಗಿಯುವುದು ರೂಢಿಯಾಯಿತು. ಎರಡು ‘ಬೂಲಾ’ಗಳು ಒಂದೇ ಲಯವನ್ನು ಬಿಡದೆ ಹಿಡಿದಿರುತ್ತವೆ. ಮೂರನೆಯದು ‘ಕಟರ್’. ಅದರ ಚರ್ಮದ ಮೇಲೆ ಅಡ್ಡಲಾಗಿ ಒಂದು ದಾರ ಎಳೆದು, ದಾರಕ್ಕೆ ಗುಂಡುಸೂಜಿಗಳನ್ನು ಸಿಕ್ಕಿಸಿರುತ್ತಾರೆ. ಪೆಟ್ಟು ಬಿದ್ದಾಗ ಸೂಜಿಗಳು ಚರ್ಮಕ್ಕೆ ತಾಗಿ ಝರ್ ಎನ್ನುತ್ತವೆ. ಧ್ವನಿಮುದ್ರಣ ಕೇಳುವಾಗ ಆ ಝೇಂಕಾರವನ್ನು ಹಿಡಿದರೆ ಕಟರ್ ಯಾವುದೆಂದು ಗೊತ್ತಾಗುತ್ತದೆ. ಹಾಡು ಏಳುವುದಕ್ಕೂ ಒಂದು ಕ್ರಮವಿದೆ. ಮುಖ್ಯ ಗಾಯಕಿ, ಅಂದರೆ ‘ಶಾಂಟ್ವೆಲ್’, ಸಾಲು ಎತ್ತುತ್ತಾಳೆ, ಮೇಳದವರು ಉತ್ತರ ಕೊಡುತ್ತಾರೆ, ಬೂಲಾ ಕೂಡಿಕೊಳ್ಳುತ್ತದೆ, ಕಟರ್ ಕೊನೆಗೆ ಬರುತ್ತದೆ. ಕಟರ್ ಬಾರಿಸುವವನ ಕಣ್ಣು ಕುಣಿಯುವವಳ ಪಾದದ ಮೇಲಿರುತ್ತದೆ. ಹೆಜ್ಜೆ ಬದಲಾದರೆ ಪೆಟ್ಟೂ ಬದಲಾಗಬೇಕು.

ರಾತ್ರಿಯ ಕ್ರಮ ಇದಕ್ಕಿಂತ ಮುಖ್ಯ. ನೆಲಕ್ಕೆ ರಮ್ ಮತ್ತು ನೀರು ಚಿಮುಕಿಸಿ ಶುರು. ಆರಂಭದ ಹಾಡುಗಳು ಕ್ರೊಮಾಂಟಿಯವು. ‘ಬೆಗ್ ಪಾರ್ಡನ್’ ಹಾಡಿಗೆ ಮನೆಯವರು ಮಂಡಿಯೂರಿ ಹಿರಿಯರ ಕ್ಷಮೆ ಕೇಳುತ್ತಾರೆ. ಎಲ್ಲ ನೇಷನ್‌ಗಳ ಹಾಡುಗಳಾದ ಮೇಲೆ ದ್ವೀಪದಲ್ಲೇ ಹುಟ್ಟಿದ ಕ್ರಿಯೋಲ್ ಕುಣಿತಗಳು, ಅದರಾಚೆ ಬರೀ ಸಂತೋಷಕ್ಕೆ ಕುಣಿಯುವಂಥವು. ಮಧ್ಯರಾತ್ರಿಯ ಹೊತ್ತಿಗೆ ಅಂಗಳದ ನಡುವಿನ ಸುತ್ತನ್ನು ಖಾಲಿ ಬಿಡುತ್ತಾರೆ. ವಾದ್ಯ ನಿಲ್ಲುವುದಿಲ್ಲ, ಆದರೆ ಯಾರೂ ಕಾಲಿಡುವಂತಿಲ್ಲ. ಅದು ಹಿರಿಯರು ಕುಣಿಯುವ ಹೊತ್ತು. ವೇದಿಕೆಯ ಮೇಲಿನ ಪ್ರದರ್ಶನ ನೋಡಿ ಟಿಪ್ಪಣಿ ಬರೆದವರಿಗೆ ಈ ಭಾಗ ಕಾಣದೇ ಹೋಗಬಹುದು, ಇಪ್ಪತ್ತು ನಿಮಿಷದ ಕಾರ್ಯಕ್ರಮದಲ್ಲಿ ಖಾಲಿ ಅಂಗಳಕ್ಕೆ ಜಾಗ ಸಿಗುವುದು ಕಷ್ಟ.

ಮನೆಯೊಳಗೆ ಎಡೆ ಇಡುತ್ತಾರೆ. ‘ಪೇರೆಂಟ್ಸ್ ಪ್ಲೇಟ್’ ಅಂತ ಹೆಸರು. ಮೇಜಿನ ಮೇಲೆ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಅಡುಗೆಯ ಒಳ್ಳೆಯ ಪಾಲನ್ನೂ ಕುಡಿಯುವುದನ್ನೂ ಬಡಿಸುತ್ತಾರೆ. ಹಿರಿಯರದಾದ ಮೇಲೆ ಹಂಚಿಕೆ. ಅಡುಗೆ ಅಂಗಳದಲ್ಲಿ, ಮೂರು ಕಲ್ಲಿನ ಒಲೆ, ಸೌದೆ, ದೊಡ್ಡ ಕಬ್ಬಿಣದ ಪಾತ್ರೆಗಳು. ಹೊಗೆಯ ವಾಸನೆ ಹಿಡಿದಿರಬೇಕು, ಅದಕ್ಕೇ ಇದಕ್ಕೆ ‘ಸ್ಮೋಕ್ ಫುಡ್’ ಎನ್ನುತ್ತಾರೆ. ಮುಖ್ಯವಾದದ್ದು ‘ಕೂಕೂ’, ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಒಂದು ಅಳತೆ ಹಿಟ್ಟಿಗೆ ಎರಡೂವರೆಯಿಂದ ಮೂರು ಅಳತೆ ನೀರು. ಕುದಿಯುವ ನೀರಿಗೆ ಹಿಟ್ಟನ್ನು ಒಮ್ಮೆಗೇ ಸುರಿದರೆ ಹೊರಗೆ ಬೆಂದು ಒಳಗೆ ಒಣಹಿಟ್ಟು ಉಳಿದು ಗಂಟಾಗುತ್ತದೆ. ಉದ್ದ ಹಿಡಿಯ ಮರದ ಹುಟ್ಟಿನಿಂದ ಬಿಡದೆ ತಿರುವುತ್ತಾ ಸ್ವಲ್ಪಸ್ವಲ್ಪವೇ ಉದುರಿಸಬೇಕು. ಒಣಗಿದ ಕಾಯಿಯ ಬುರುಡೆಯಲ್ಲಿ ಹಾಕಿ ಉರುಳಿಸಿ ಉಂಡೆ ಮಾಡುತ್ತಾರೆ. ಅನ್ನವನ್ನೂ ಹೀಗೇ ಉಂಡೆ ಕಟ್ಟುತ್ತಾರೆ. ಜೊತೆಗೆ ತೊಗರಿಕಾಳು ಮತ್ತು ಮಾಂಸ.

ಇದನ್ನೆಲ್ಲ ಯಾವಾಗ ಮಾಡುತ್ತಾರೆ? ತೀರಿಹೋದವರು ಕನಸಿನಲ್ಲಿ ಬಂದು ಕೇಳಿದಾಗ, ಮದುವೆಗೆ ಮುಂಚೆ, ಕಾಯಿಲೆ ಬಂದಾಗ. ಹೊಸ ದೋಣಿ ನೀರಿಗಿಳಿಸುವಾಗಲೂ ಇದೇ ಬಗೆ: ಪಾದ್ರಿಯ ಆಶೀರ್ವಾದವೂ ಬೇಕು, ಪ್ರಾಣಿಬಲಿಯೂ ರಮ್ಮೂ ಬೇಕು. ಎರಡರಲ್ಲಿ ಯಾವುದು ನಿಜವಾದದ್ದು ಎಂಬ ಪ್ರಶ್ನೆ ಅಲ್ಲಿನವರಿಗೆ ಏಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಗೋರಿಕಲ್ಲಿನ ಊಟ. ಹೂಳಿದ ಕೂಡಲೇ ಕಲ್ಲು ನಿಲ್ಲಿಸುವುದಿಲ್ಲ, ಹಲವು ವರ್ಷ ಕಾಯುತ್ತಾರೆ. ಕಲ್ಲಿಗೆ, ಊಟಕ್ಕೆ ಹಣ ಕೂಡಬೇಕು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ ಇರುವ ಮಕ್ಕಳು ರಜೆ ಹೊಂದಿಸಿಕೊಂಡು ಬರಬೇಕು. ಕಲ್ಲು ನಿಂತ ಮೇಲೆಯೇ ಆ ಜೀವ ಹಿರಿಯರ ಸಾಲಿಗೆ ಪೂರ್ತಿಯಾಗಿ ಸೇರಿತೆಂದು ಲೆಕ್ಕ. ಅಲ್ಲಿಯವರೆಗೆ ಅವರು ಕನಸಿಗೆ ಬರುತ್ತಲೇ ಇರುತ್ತಾರೆ.