ಮಂಗ ಸತ್ತ ಸುದ್ದಿ ಯಾರ ಟೇಬಲ್ಲಿಗೆ ಹೋಗ್ಬೇಕು?

ಫೆಬ್ರವರಿ ತಿಂಗಳು, ಮಂಗನ ಕಾಯಿಲೆಯ ಕಾಲ, ಬೆಳಿಗ್ಗೆ ಹತ್ತೂವರೆ ಆಗಿರ್ಬೇಕು. ಸಾಗರ ಸೀಮೆಯಲ್ಲಿರೋ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ರು ಹೆಂಗಸನ್ನ ಗಂಡ, ಮೈದುನ ಇಬ್ರೂ ಸೇರಿ ಆಟೋದಿಂದ ಇಳಿಸ್ಕೊಂಡು ಬಂದ್ರು. ನಲವತ್ತರ ಆಸುಪಾಸು, ತೋಟದ ಕೂಲಿ ಕೆಲಸ. ಮೂರು ದಿನದಿಂದ ಜ್ವರ, ತಲೆ ಎತ್ತಕ್ಕಾಗದಷ್ಟು ನೋವು, ಮೀನಖಂಡ ಮುಟ್ಟಿದ್ರೆ ಕೂಗ್ತಿದ್ರು, ಕಣ್ಣು ಕೆಂಡ ಆಗಿತ್ತು. ಬಾಯಿ ತೆಗ್ಸಿ ಟಾರ್ಚ್ ಹಾಕಿ ನೋಡಿದ್ರೆ ಅಂಗುಳಲ್ಲಿ ಸಣ್ಣ ಸಣ್ಣ ನೀರುಗುಳ್ಳೆ. ಸೊಂಟದಲ್ಲಿ ಸೀರೆ ಬಿಗಿಯೋ ಜಾಗದಲ್ಲಿ ಒಂದು ಉಣುಗು (ರಕ್ತ ಹೀರೋ ಉಣ್ಣೆ ಹುಳ) ಇನ್ನೂ ಕಚ್ಕೊಂಡೇ ಇತ್ತು, ಎಳ್ಳುಕಾಳಿಗಿಂತ ಸಣ್ಣದು, ಗೊತ್ತಿಲ್ದೋರು ನೋಡಿದ್ರೆ ಮಚ್ಚೆ ಅನ್ಕೋಬೇಕು. ಚಿಮುಟದಲ್ಲಿ ಚರ್ಮಕ್ಕೆ ತಾಗ್ಸಿ ಹಿಡ್ದು ನೇರಕ್ಕೆ ಎಳ್ದು ತೆಗ್ದೆ. (ಕಾಯಿಲೆ ತಂದಿದ್ದು ಅದೇ ಉಣುಗು ಅಂತಲ್ಲ, ಅದು ಆಮೇಲೆ ಹತ್ತಿದ್ದು, ಕಾಯಿಲೆ ತಂದಿದ್ದು ಒಂದು ವಾರ ಮುಂಚೆನೇ ಕಚ್ಚಿ ಉದುರಿ ಹೋಗಿರತ್ತೆ.)

"ಬೆಟ್ಟಕ್ಕೆ ಹೋಗಿದ್ರಾ ಅಮ್ಮ?" ಅಂತ ಕೇಳ್ದೆ. ದರಗು (ಉದುರಿದ ಒಣ ಎಲೆ) ಗುಡ್ಸಕ್ಕೆ ಹೋಗಿದ್ವಿ ಅಂದ್ರು. ಅಲ್ಲೆಲ್ಲಾದ್ರೂ ಮಂಗ ಸತ್ತಿತ್ತಾ ಅಂದ್ರೆ ಗಂಡ ಹೇಳಿದ್ರು, "ಸತ್ತಿತ್ತು ಡಾಕ್ಟ್ರೇ, ಹೋದ ವಾರದ ಹಿಂದಿನ ವಾರ. ವಾಸನೆ ಬಂತು ಅಂತ ಹೋಗಿ ನೋಡಿದ್ವಿ, ಮುಸಿಯ. ಆವತ್ತೇ ಆಫೀಸಿನವ್ರಿಗೆ ಹೇಳಿದ್ವಿ, ನಮ್ಗೆ ಬರಲ್ಲ ಇನ್ನೊಂದು ಆಫೀಸಿಗೆ ಹೇಳಿ ಅಂದ್ರು." ದಿನ ಲೆಕ್ಕ ಹಾಕ್ದೆ. ಮಂಗ ಸತ್ತಿದ್ದು ಕಂಡು ಹನ್ನೆರಡು ದಿನ ಆಗಿತ್ತು. ಆ ಹನ್ನೆರಡು ದಿನದಲ್ಲಿ ನನ್ ಕೇಂದ್ರಕ್ಕೆ ಒಂದು ಫೋನ್ ಬಂದಿಲ್ಲ, ಒಬ್ರೂ ಆ ಜಾಗಕ್ಕೆ ಹೋಗಿಲ್ಲ, ಆ ಕೇರಿಯ ಜನ ದಿನಾ ಅದೇ ದಾರೀಲಿ ಬೆಟ್ಟ ಹತ್ತಿ ಇಳ್ದಿದಾರೆ. ರಕ್ತದ ಸ್ಯಾಂಪಲ್ ಶಿವಮೊಗ್ಗದ ವೈರಸ್ ಲ್ಯಾಬಿಗೆ ಕಳಿಸಿದ್ವಿ, ವೈರಸ್ ಹುಡುಕೋ ಪಿಸಿಆರ್ ಟೆಸ್ಟಲ್ಲಿ ಮಂಗನ ಕಾಯಿಲೆ ಪಾಸಿಟಿವ್ ಬಂತು, ಅವ್ರನ್ನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ವಿ, ಹನ್ನೊಂದು ದಿನ ಮಲಗಿ ಬದುಕಿ ಬಂದ್ರು. ಯಾವ ಆಫೀಸು ಅಂತ ಇಲ್ಲಿ ಬರ್ಯಲ್ಲ, ಯಾಕಂದ್ರೆ ಅಲ್ಲಿದ್ದ ಒಬ್ಬ ಮನುಷ್ಯನ ತಪ್ಪು ಅಂತ ನಂಗೆ ಅನ್ಸಲ್ಲ. ಈ ಸುದ್ದಿ ಯಾರ ಟೇಬಲ್ಲಿಗೆ ಹೋಗ್ಬೇಕು ಅನ್ನೋದು ಅವ್ರಿಗೂ ಸರಿಯಾಗಿ ಗೊತ್ತಿರ್ಲಿಲ್ಲ, ನನ್ನ ತಕರಾರು ಇರೋದೇ ಅಲ್ಲಿ.

ಮಂಗನ ಕಾಯಿಲೆ ಅಂತ ಹೆಸ್ರು ಬಿದ್ದುಬಿಟ್ಟಿದೆ, ಆದ್ರೆ ಇದನ್ನ ನಮ್ಗೆ ಹಚ್ಚೋದು ಮಂಗ ಅಲ್ಲ. ಮಂಗಾನೂ ನಮ್ ಹಂಗೇ ಇದಕ್ಕೆ ಬಲಿಯಾಗೋ ಜೀವ. ಕಾಡಿನ ಇಲಿ ಗಿಲಿ ಥರದ ಸಣ್ಣ ಪ್ರಾಣಿಗಳು ಮತ್ತು ಉಣುಗು, ಇವುಗಳ ಮಧ್ಯೆ ವೈರಸ್ಸು ಸುತ್ತಾ ಇರತ್ತೆ. ಅಂಥ ಉಣುಗು ಮುಸಿಯಕ್ಕೋ ಕೆಂಪುಮೂತಿ ಮಂಗಕ್ಕೋ ಕಚ್ಚಿದ್ರೆ ಅದರ ರಕ್ತದಲ್ಲಿ ವೈರಸ್ಸು ವಿಪರೀತ ಹೆಚ್ಚಿಬಿಡತ್ತೆ, ಮೈಮೇಲಿರೋ ಉಣುಗುಗಳೆಲ್ಲ ಆ ರಕ್ತ ಹೀರ್ತವೆ, ಮಂಗ ಸತ್ತ ಮೇಲೆ ಇಳ್ದು ಆ ಮರದ ಬುಡದಲ್ಲೇ ಹರಡ್ಕೊಳ್ತವೆ. ಹಾಗಾಗಿ ಸತ್ತ ಮಂಗ ಬಿದ್ದಿರೋ ಜಾಗ ಅಂದ್ರೆ ಅಲ್ಲಿ ವೈರಸ್ ಹೊತ್ತ ಉಣುಗು ಇರ್ಬೋದು ಅನ್ನೋ ಎಚ್ಚರಿಕೆ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ, ಎಳೆ ಉಣುಗು ಹೆಚ್ಚಿರೋದು ಆಗ್ಲೇ, ನಮ್ ಜನ ಬೆಟ್ಟಕ್ಕೆ ಹೆಚ್ಚು ಹೋಗೋದೂ ಆಗ್ಲೇ. ಅಡಿಕೆ ಬೇಯ್ಸಕ್ಕೆ ಸೌದೆ, ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಇದಕ್ಕೇ ಅಂತ ವೈರಸ್ ಕೊಲ್ಲೋ ಔಷಧಿ ಇಲ್ಲ, ಡ್ರಿಪ್, ಪ್ಯಾರಾಸಿಟಮಾಲ್, ಬಿಪಿ ಪ್ಲೇಟ್ಲೆಟ್ ಮೇಲೆ ಕಣ್ಣು, ರಕ್ತಸ್ರಾವ ಆದ್ರೆ ಅದಕ್ಕೆ ಚಿಕಿತ್ಸೆ. ನೂರಕ್ಕೆ ಮೂರರಿಂದ ಐದು ಜನ ತೀರ್ಕೊಳ್ತಾರೆ.

ಈಗ ಯೋಚ್ನೆ ಮಾಡಿ, ನನ್ ಹತ್ರ ರೋಗಿ ಬರೋ ಹೊತ್ತಿಗೆ ನಾನು ಮಾಡ್ಬೋದಾದ್ದು ತುಂಬಾ ಕಮ್ಮಿ, ಮಾಡ್ಬೋದಾಗಿದ್ದೆಲ್ಲ ಮಂಗ ಸತ್ತ ದಿನದಿಂದ ಈಚೆಗಿನ ಆ ಹನ್ನೆರಡು ದಿನದಲ್ಲಿತ್ತು. ಮಂಗದ ಪೋಸ್ಟ್ ಮಾರ್ಟಂ ಮಾಡಿ ಸ್ಯಾಂಪಲ್ ತೆಗೀಬೋದಿತ್ತು, ಶವ ಸುಡ್ಬೋದಿತ್ತು, ಸುತ್ತಾ ಉಣುಗು ಕೊಲ್ಲೋ ಮೆಲಾಥಿಯಾನ್ ಪುಡಿ ಹೊಡೀಬೋದಿತ್ತು, ಆ ಕೇರಿಗೆ ಹೋಗಿ ಈ ಬೆಟ್ಟಕ್ಕೆ ಸದ್ಯ ಬೇಡ ಅಂತ ಹೇಳ್ಬೋದಿತ್ತು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಜ್ವರ ಇದ್ಯಾ ಅಂತ ಕೇಳ್ಬೋದಿತ್ತು. ಇದ್ರಲ್ಲಿ ಒಂದನ್ನೂ ಆ ಹೆಂಗಸು ತಾನೇ ಮಾಡ್ಕೊಳ್ಳಕ್ಕಾಗಲ್ಲ. ಆದ್ರೆ ನಮ್ ಪೋಸ್ಟರ್‌ಗಳಲ್ಲಿ ಇರೋದೆಲ್ಲ ಅವ್ರು ಏನ್ ಮಾಡ್ಬೇಕು ಅನ್ನೋದೇ, ಕಾಡಿಗೆ ಹೋಗ್ಬೇಡಿ, ಮೈ ತುಂಬಾ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಳ್ಳಿ, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಎಲ್ಲಾ ಸರಿಯಾದ ಮಾತೇ, ನಾನೂ ದಿನಾ ಹೇಳ್ತೀನಿ, ಎಣ್ಣೆ ಹಚ್ಕೊಂಡೋರಿಗೆ ರಕ್ಷಣೆ ಇದೆ. ಆದ್ರೆ ಆ ಮನೆಗೆ ಆಮೇಲೆ ನಾನು ಹೋದಾಗ ಕಿಟಕಿ ಮೇಲೆ ಒಂದೇ ಒಂದು ಎಣ್ಣೆ ಬಾಟ್ಲಿ ಇತ್ತು, ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು, ಮನೇಲಿ ದುಡಿಯೋರು ನಾಲ್ಕು ಜನ, ಬೆವರಿಗೆ ಹೋದ್ಮೇಲೆ ಮತ್ತೆ ಹಚ್ಬೇಕು ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ. ಕಾಡಿಗೆ ಹೋಗ್ಬೇಡಿ ಅಂದ್ರೆ ಆ ದಿನದ ಕೂಲಿ ಯಾರು ಕೊಡ್ತಾರೆ ಅಂತ ಅವ್ರು ಕೇಳಿದ್ರು, ನನ್ ಹತ್ರ ಉತ್ತರ ಇರ್ಲಿಲ್ಲ.

ಇದು ಯಾರ ಹೊಣೆ ಅನ್ನೋದು ನಾನು ಹೊಸ್ದಾಗಿ ಹುಟ್ಟಿಸ್ತಿರೋ ಪ್ರಶ್ನೆ ಅಲ್ಲ. ಸಂವಿಧಾನದ 47ನೇ ವಿಧಿ ಜನರ ಆರೋಗ್ಯ ಸುಧಾರಿಸೋದು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಒಂದು ಅನ್ನತ್ತೆ, 1976ರ 42ನೇ ತಿದ್ದುಪಡೀಲಿ ಸೇರಿದ 48ಎ ಪರಿಸರ, ಕಾಡು, ವನ್ಯಜೀವಿ ಕಾಪಾಡೋದೂ ಸರ್ಕಾರದ್ದೇ ಅನ್ನತ್ತೆ. ಈ ವಿಧಿಗಳನ್ನ ಹಿಡ್ಕೊಂಡು ನೇರವಾಗಿ ಕೋರ್ಟಿಗೆ ಹೋಗಕ್ಕಾಗಲ್ಲ ನಿಜ, ಆದ್ರೆ ಬದುಕೋ ಹಕ್ಕಿನ 21ನೇ ವಿಧಿಯೊಳಗೆ ಸಕಾಲಕ್ಕೆ ಚಿಕಿತ್ಸೆ ಸಿಗೋದೂ ಬರತ್ತೆ, ದುಡ್ಡಿಲ್ಲ ಅಂತ ಸರ್ಕಾರ ಕೈ ತೊಳ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರ ಸಂಘದ ಕೇಸಲ್ಲಿ ಹೇಳಿದೆ. ಇನ್ನು ಕೆಲಸಕ್ಕೆ ಇಳಿದ್ರೆ ಮಂಗ ಬಿದ್ದಿರೋ ಜಾಗ ಅರಣ್ಯ ಇಲಾಖೆಯದ್ದು, ಅದು ವನ್ಯಜೀವಿ ಆದ್ರಿಂದ ಅವ್ರಿಲ್ದೆ ಮುಟ್ಟಂಗಿಲ್ಲ, ಕೊಯ್ದು ನೋಡೋದು ಪಶುವೈದ್ಯರು, ಜ್ವರ ಬಂದ ಮನುಷ್ಯ ಆರೋಗ್ಯ ಇಲಾಖೆಯವ್ನು, ಕೇರಿ ಗ್ರಾಮ ಪಂಚಾಯ್ತಿದು. ಉಣುಗಿಗೆ ಈ ಗಡಿ ಯಾವುದೂ ಇಲ್ಲ. ನಾಲ್ಕೂ ಕಡೆ ಒಳ್ಳೆ ಮನುಷ್ಯರಿದಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತೋ ಫಾರೆಸ್ಟ್ ಗಾರ್ಡುಗಳು ನಂಗೆ ಗೊತ್ತು, ಮಂಗದ ಶವ ಕೊಯ್ಯಕ್ಕೆ ಕಿಟ್ ಹಾಕ್ಕೊಂಡು ಬೆವರು ಸುರಿಸ್ತಾ ಕೂತ ಪಶುವೈದ್ಯರನ್ನ ಕಣ್ಣಾರೆ ನೋಡಿದೀನಿ. ಆದ್ರೆ ವ್ಯವಸ್ಥೆ ಒಬ್ಬರ ಒಳ್ಳೆತನದ ಮೇಲೆ ನಿಂತ್ರೆ ಅವ್ರು ವರ್ಗ ಆದ ದಿನ ಅದೂ ಹೋಗತ್ತೆ.

ಹಾಗಂತ ಸರ್ಕಾರಕ್ಕೆ ಇದು ನಿನ್ನೆ ಮೊನ್ನೆ ಗೊತ್ತಾಗಿದ್ದಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಇದು ಪತ್ತೆಯಾಗಿದ್ದು, ಸಾಲಾಗಿ ಮಂಗ ಸಾಯ್ತಿದಾವೆ, ಜನಕ್ಕೂ ಜ್ವರ ಅಂತ ಸುದ್ದಿ ಹೋದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವ್ರು ಬಂದು ನೋಡಿದ್ರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇನೋ ಅಂತ ಮೊದಲು ಗಾಬರಿ ಆಗಿತ್ತು, ಆಮೇಲೆ ಹೊಸ ವೈರಸ್ ಅಂತ ಗೊತ್ತಾಗಿ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಊರಿನ ಹೆಸರೇ ಅದಕ್ಕೆ ಬಂತು. ಅಂದ್ರೆ ಮಂಗ ಸತ್ತಿದ್ದನ್ನ ಗಮನಿಸಿದ್ರೆ ಕಾಯಿಲೆ ಹಿಡೀಬೋದು ಅನ್ನೋ ಪಾಠ ಮೊದಲ ವರ್ಷನೇ ಸಿಕ್ಕಿದೆ. ಅರವತ್ತೈದು ವರ್ಷ ದಾಟಿದ್ರೂ ಅದೇ ಸುದ್ದಿ ಒಂದು ಆಫೀಸಿಂದ ಇನ್ನೊಂದಕ್ಕೆ ಹೋಗಕ್ಕೆ ಹನ್ನೆರಡು ದಿನ ಸಾಲ್ದು ಅಂದ್ರೆ ನಂಗೆ ಸಿಟ್ಟು ಬರತ್ತೆ. ಅಷ್ಟರಲ್ಲಿ ಕಾಯಿಲೆ ಬಂಡೀಪುರಕ್ಕೆ, ವಯನಾಡಿಗೆ, ಗೋವಾಕ್ಕೆ, ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಹೋಗಿ ಆಗಿದೆ.

ಲಸಿಕೆ ವಿಷ್ಯ ಹೇಳ್ಲೇಬೇಕು, ಯಾಕಂದ್ರೆ ಓಪಿಡೀಲಿ ಎಲ್ರೂ ಕೇಳೋದು ಅದನ್ನೇ. 1990ರಿಂದ ನಮ್ಮಲ್ಲಿ ಕೊಡ್ತಿದ್ದ ಲಸಿಕೆ ಕರ್ನಾಟಕದಲ್ಲೇ ತಯಾರಾಗ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ನೋವೂ ಜಾಸ್ತಿ ಇತ್ತು, ಜನ ಎರಡನೇ ಡೋಸಿಗೇ ತಪ್ಪಿಸ್ಕೊಳ್ತಿದ್ರು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಎರಡು ಡೋಸ್ ತಗೊಂಡೋರಿಗೆ ಸುಮಾರು ಶೇ. 62, ಬೂಸ್ಟರ್ ಕೂಡ ಆದೋರಿಗೆ ಸುಮಾರು ಶೇ. 83 ರಕ್ಷಣೆ. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದಾಗ ಜನ ಸಾಲು ನಿಂತು ಹಾಕಿಸ್ಕೊಂಡ್ರು. ಆಮೇಲೆ ಲಸಿಕೆಯ ಸಾಮರ್ಥ್ಯ ಸಾಲ್ದು ಅಂತಾಗಿ 2022ರ ಹೊತ್ತಿಗೆ ಅದು ನಿಂತೇ ಹೋಯ್ತು. ಹೊಸದನ್ನ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಜೊತೆ ಸೇರಿ ಮಾಡ್ತಿದೆ, ಬರ್ಲಿ, ಬೇಗ ಬರ್ಲಿ, ಕೈ ಮುಗೀತೀನಿ. ಹಳೇದು ಕೆಲಸ ಮಾಡ್ತಿಲ್ಲ ಅಂದ್ರೆ ನಿಲ್ಲಿಸಿದ್ದು ಸರಿಯೇ, ಕೆಲಸಕ್ಕೆ ಬಾರದ ಸೂಜಿ ಚುಚ್ಚಿ ಸುಳ್ಳು ಧೈರ್ಯ ಕೊಡಬಾರ್ದು. ನನ್ನ ಪ್ರಶ್ನೆ ಬೇರೆ. ಬಡವರಿಗೆ, ಕಾಡಂಚಿನವರಿಗೆ ಮಾತ್ರ ಬರೋ ಕಾಯಿಲೆಯ ಲಸಿಕೇಲಿ ಯಾವ ಕಂಪನಿಗೂ ದೊಡ್ಡ ಲಾಭ ಇಲ್ಲ, ಹಾಗಾಗಿ ಅದು ಮೊದಲಿಂದ್ಲೂ ಸರ್ಕಾರದ್ದೇ ಕೆಲಸ ಆಗಿತ್ತು, ಹಳೇದು ಸೋಲ್ತಿದೆ ಅಂತ ಗೊತ್ತಾದ ದಿನಾನೇ ಹೊಸದಕ್ಕೆ ದುಡ್ಡು ಇಡ್ಬೇಕಿತ್ತು. ಹಳೇದು ಹೋಗಿ ಹೊಸದು ಬರದೆ ಇರೋ ಈ ನಡುವಿನ ವರ್ಷಗಳಲ್ಲಿ ನಮ್ ಜನಕ್ಕೆ ಉಳಿದಿರೋದು ಎಣ್ಣೆ ಬಾಟ್ಲಿ ಒಂದೇ.

ಕಾಡಿನ ಮಾತು ಬಿಟ್ರೆ ಇದು ಅರ್ಧಕ್ಕೇ ನಿಲ್ಲತ್ತೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಲ್ಲಿ ಈ ಕಾಯಿಲೆ ದೊಡ್ಡದಾಗಿ ಎದ್ದಿದ್ದು ಗೇರು ತೋಟಕ್ಕೆ ಅಂತ ಕಾಡು ಕಡಿಯೋ ಹೊತ್ತಲ್ಲೇ. ಶಿವಮೊಗ್ಗ ಜಿಲ್ಲೆಯ ಕೇಸುಗಳನ್ನ ಇಟ್ಕೊಂಡು 2020ರಲ್ಲಿ ಬಂದ ಅಧ್ಯಯನಾನೂ ದಟ್ಟ ಕಾಡಿನ ನಡುಮಧ್ಯಕ್ಕಿಂತ ಕಾಡು, ಪ್ಲಾಂಟೇಶನ್, ಗದ್ದೆ, ತೋಟ ಕಲಸಿಹೋಗಿರೋ ಅಂಚಲ್ಲೇ ಅಪಾಯ ಜಾಸ್ತಿ ಅಂತ ತೋರಿಸ್ತು. ನಮ್ ಮಲೆನಾಡು ಇವತ್ತು ಬಹುಪಾಲು ಅಂಥ ಅಂಚೇ ಆಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಡೆಯಿಂದ ಎದ್ದ ಜನ ಕಾಡೊಳಗೆ ಹೋಗಿ ಮನೆ ಕಟ್ಕೊಂಡ್ರು, ಆಮೇಲೆ ಅಕೇಶಿಯಾ ನೆಡುತೋಪು ಬಂತು, ರಸ್ತೆ ಬಂತು, ಕರೆಂಟ್ ಲೈನ್ ಬಂತು. ದನ ಮೇಯಕ್ಕೆ ಅದೇ ಅಂಚಿಗೆ ಹೋಗತ್ತೆ, ದನಕ್ಕೆ ಈ ಕಾಯಿಲೆ ಬರಲ್ಲ, ಆದ್ರೆ ದೊಡ್ಡ ಉಣುಗು ದನದ ರಕ್ತದಲ್ಲೇ ಬೆಳ್ದು ಮೊಟ್ಟೆ ಇಡತ್ತೆ. ಆದ್ರಿಂದ ದನಕ್ಕೆ ಉಣುಗಿನ ಔಷಧಿ ಹಾಕೋದೂ ಮನುಷ್ಯನ ಆರೋಗ್ಯದ ಕೆಲಸಾನೇ. ಕಾಡು ಕಡಿಯೋ ಫೈಲಿಗೆ ಸಹಿ ಬೀಳೋ ಮೊದ್ಲು ಪಕ್ಕದ ಊರಿನ ಆರೋಗ್ಯ ಕೇಂದ್ರದ ವೈದ್ಯರನ್ನೂ ಒಂದು ಮಾತು ಕೇಳ್ಬೇಕು ಅನ್ನೋದು ನನ್ನ ಆಸೆ. ಇಷ್ಟು ವರ್ಷದ ಸರ್ವೀಸಲ್ಲಿ ನನ್ನನ್ನ ಯಾರೂ ಒಂದ್ಸಲನೂ ಕೇಳಿಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ತಾಲ್ಲೂಕಿಗೆ ಒಂದೇ ನಂಬರ್, ಮಂಗ ಸತ್ತಿದೆ ಅಂತ ಯಾರೇ ಫೋನ್ ಮಾಡ್ಲಿ ಅದೇ ಗಳಿಗೇಲಿ ನಾಲ್ಕೂ ಇಲಾಖೆಗೆ ಸುದ್ದಿ, ಮಾರನೇ ದಿನದೊಳಗೆ ಜಾಗಕ್ಕೆ ತಂಡ, ಮಂಗದ ಸ್ಯಾಂಪಲ್ ಪಾಸಿಟಿವ್ ಬಂದ ಊರಲ್ಲಿ ಬೆಟ್ಟಕ್ಕೆ ಹೋಗ್ಬೇಡಿ ಅಂದಷ್ಟು ದಿನ ಉದ್ಯೋಗ ಖಾತ್ರಿಯಲ್ಲೋ ಇನ್ನೊಂದ್ರಲ್ಲೋ ಊರೊಳಗೇ ಕೂಲಿ, ಮನೆಗೆ ಒಂದರ ಬದ್ಲು ತಲೆಗೆ ಒಂದು ಬಾಟ್ಲಿ ಎಣ್ಣೆ, ಅದೂ ನವೆಂಬರ್ ಮುಗಿಯೋದ್ರೊಳಗೆ.

ಅಲ್ಲಿ ತನಕ ಕಾಡಂಚಲ್ಲಿ ಇರೋರಿಗೆ ಇಷ್ಟು. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಕೋಲಲ್ಲೂ ಮುಟ್ಬೇಡಿ, ನಾಯಿ ಬಿಡ್ಬೇಡಿ, ಮಕ್ಳು ದನ ಯಾರನ್ನೂ ಆ ಕಡೆ ಕಳಿಸ್ಬೇಡಿ. ಜ್ವರ ಬಂದ್ರೆ ಮೊದಲ ದಿನವೇ ಬನ್ನಿ, ಪಿಸಿಆರ್‌ನಲ್ಲಿ ವೈರಸ್ ಸಿಗೋದು ಶುರುವಿನ ದಿನಗಳಲ್ಲೇ, ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಗೊಂಡು ನುಂಗ್ಬೇಡಿ, ಬ್ರೂಫೆನ್, ಆಸ್ಪಿರಿನ್ ಥರದ್ದು ರಕ್ತಸ್ರಾವ ಹೆಚ್ಚಿಸ್ಬೋದು. ರೋಗಿಯಿಂದ ಮನೆಯವ್ರಿಗೆ ಇದು ಅಂಟಲ್ಲ, ದೂರ ಇಡ್ಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಮಂಗ ಸತ್ತಿದ್ದನ್ನ ಆಶಾಗೆ, ಪಂಚಾಯ್ತಿಗೆ, ಗಾರ್ಡಿಗೆ, ಆಸ್ಪತ್ರೆಗೆ ಎಲ್ರಿಗೂ ಹೇಳಿ, ಒಬ್ರಿಗೆ ಹೇಳಿ ಸುಮ್ನಾಗ್ಬೇಡಿ. ಯಾವತ್ತು, ಎಷ್ಟು ಗಂಟೆಗೆ, ಯಾರಿಗೆ ಹೇಳಿದ್ರಿ, ತಂಡ ಯಾವತ್ತು ಬಂತು ಅಂತ ಮನೆ ಕ್ಯಾಲೆಂಡರ್ ಮೇಲೆ ಬರ್ದಿಡಿ. ಆ ಹಾಳೆ ಹಿಡ್ಕೊಂಡು ಗ್ರಾಮ ಸಭೆಗೆ ಬನ್ನಿ, ನಾನೂ ಬರ್ತೀನಿ.